ಔಡಲೆಣ್ಣೆ ಕುಡಿದ ಇಂಜಿನ್ನು

ಆ ಮೋಟಾರ್ ಸೈಕಲ್ಲು ನನ್ನ ಬಳಿಗೆ ಬಂದದ್ದು ಎತ್ತಿನ ಬಂಡಿಯ ಮೇಲೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ಆಷಾಢದ ಗಾಳಿ. ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ನಾನು ಫಿಟ್ಟರ್. ಹತ್ತಿಯ ಸೀಜನ್ನು ಮುಗಿದರೆ ಕೂಲಿಯವರು, ಹಮಾಲರು, ಗುಮಾಸ್ತರು ಎಲ್ಲ ಅವರವರ ಊರು ಸೇರಿಬಿಡುತ್ತಾರೆ. ಮತ್ತೆ ಹತ್ತಿ ಬರುವತನಕ ಮಶೀನುಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿಡಲು ಫಿಟ್ಟರೊಬ್ಬ ಉಳಿಯುತ್ತಾನೆ. ಅಷ್ಟು ದೊಡ್ಡ ಕಾಂಪೌಂಡಿನಲ್ಲಿ ನಾನು, ಗೇಟಿನಲ್ಲಿ ಕಿವಿ ಕೇಳದ ವಾಚ್‌ಮನ್, ಮೂಲೆಯಲ್ಲಿ ಕಬ್ಬಿಣ ಕಡೆಯುವ ಒಂದು ಲೇತು. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಮನೆಗೆ ಹೋದರೆ ಬೀಗ ತೆಗೆಯುವ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಹಾಗಾಗಿ ಹಗಲೆಲ್ಲ ಫ್ಯಾಕ್ಟರಿಯಲ್ಲೇ ಬಿದ್ದಿರುತ್ತಿದ್ದೆ.

ಬಂಡಿ ಹೊಡೆದುಕೊಂಡು ಬಂದವನು ನನ್ನ ಮಾವನ ಊರಿನವನು. ಉರುಕುಂದದಿಂದ ಒಳಗೆ ಒಂದಷ್ಟು ದೂರ ಹೋದರೆ ಆ ಊರು. ಅವನು ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದ:

“ನಿಮ್ಮ ಮಾವ ಕಳಿಸ್ಯಾನ್ರಿ. ಮಾರಿಬಿಡು ಅಂತ ಹೇಳ್ಯಾನ. ಮನ್ಯಾಗ ಇಟ್ಕೊಳ್ಳಾಕ ಆಗವಲ್ದಂತ.”

“ಮತ್ತೇನು ಹೇಳಿದ್ರು?”

“ಮತ್ತೇನಿಲ್ರಿ.”

ಆ ‘ಮತ್ತೇನಿಲ್ಲ’ ನನಗೆ ಚುರುಕ್ಕೆಂದಿತು. ಹೆಂಡತಿಯ ದಿನಕರ್ಮ ಮುಗಿದ ಮೇಲೆ ಮಾವನೂ ನಾನೂ ಮಾತಾಡಿರಲಿಲ್ಲ. ಜಗಳವೇನೂ ಇಲ್ಲ. ದೀಪಾವಳಿಗೆ ಕರೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ನಮ್ಮ ಕಡೆ ಅಳಿಯನಾದವನು ಹಬ್ಬಕ್ಕೆ ಕರೆಯದೆ ಹೋಗುವುದಿಲ್ಲ. ಮಗಳೇ ಇಲ್ಲದ ಮೇಲೆ ಅಳಿಯ ಎಲ್ಲಿಯವನು ಎಂದುಕೊಂಡರೇನೋ ಅಂತ ನಾನೂ ಸುಮ್ಮನಾದೆ. ನನಗೆ ಅಪ್ಪ ಅವ್ವ ಬಹಳ ಮೊದಲೇ ಹೋಗಿದ್ದರು. ನನ್ನವರು ಎಂದು ಹೇಳಿಕೊಳ್ಳಲು ಉಳಿದಿದ್ದ ಮನೆ ಅದೊಂದೇ. ಈಗ ಅಲ್ಲಿಂದ ಬಂದದ್ದು ಒಂದು ಸತ್ತ ಮೋಟಾರ್ ಸೈಕಲ್ಲು.

ಮಾವ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದವರು. ಇಂಥದೇ ಗಾಡಿಯ ಮೇಲೆ ಒಂದು ಠಾಣ್ಯದಿಂದ ಇನ್ನೊಂದು ಠಾಣ್ಯಕ್ಕೆ ಟಪಾಲು ಒಯ್ಯುತ್ತಿದ್ದರಂತೆ. ಯುದ್ಧ ಮುಗಿದು ಊರಿಗೆ ಬಂದು ಹೊಲ, ಕುರಿ ನೋಡಿಕೊಂಡಿದ್ದಾಗ ಹಳೇ ಮಿಲಿಟರಿ ಗಾಡಿಗಳ ಲಿಲಾವಿನಲ್ಲಿ ಇದನ್ನು ಕೂಗಿ ಹಿಡಿದು ತಂದಿದ್ದರು. ಮುನ್ನೂರೈವತ್ತು ಸಿಸಿಯ ಒಂಟಿ ಸಿಲಿಂಡರಿನ ವಿಲಾಯತಿ ಗಾಡಿ. ನನ್ನ ಹೆಂಡತಿ ಸಣ್ಣವಳಿದ್ದಾಗ ಇದರ ಪೆಟ್ರೋಲ್ ಟಾಂಕಿಯ ಮೇಲೆ ಕೂತು ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದಳಂತೆ. “ಹೊಟ್ಟಿ ಒಳಗ ಡುಗುಡುಗು ಅಂತಿತ್ತು, ನಗಿ ಬರ್ತಿತ್ತು” ಎಂದು ಮದುವೆಯಾದ ಮೇಲೂ ಹೇಳುತ್ತಿದ್ದಳು. ಬಂಡಿಯಿಂದ ಇಳಿಸುವಾಗ ಟಾಂಕಿಗೆ ಕೈ ತಗಲಿತು. ಬಿಸಿಲಿಗೆ ಕಾದಿತ್ತು.

ಗಿರಾಕಿ ಹುಡುಕಬೇಕಾಗಲಿಲ್ಲ. ಗುಂತಕಲ್ಲಿನ ರೈಲು ಡ್ರೈವರೊಬ್ಬರು ಆದೋನಿಯಲ್ಲಿ ಗೂಡ್ಸು ನಿಂತಾಗಲೆಲ್ಲ ನಮ್ಮ ಫ್ಯಾಕ್ಟರಿಗೆ ಬಂದು ಲೇತಿನಲ್ಲಿ ಏನಾದರೊಂದು ಸಣ್ಣ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಆಂಗ್ಲೋ ಇಂಡಿಯನ್ ಮನುಷ್ಯ, ಎಲ್ಲರೂ ಅವರನ್ನು ದೊರೆ ಎನ್ನುತ್ತಿದ್ದರು. ಅವರ ಮಾತೆಂದರೆ ತೆಲುಗು, ಉರ್ದು, ಇಂಗ್ಲಿಷು, ಅಲ್ಲಲ್ಲಿ ಕನ್ನಡ ಕಲಸಿದ ಚಿತ್ರಾನ್ನ. ಗಾಡಿ ಕಂಡವರೇ ಅದರ ಸುತ್ತ ಪ್ರದಕ್ಷಿಣೆ ಹಾಕಿದರು.

“ಮೇಸ್ತ್ರೀ, ಇದಿ ನಾಕು ಕಾವಾಲಿ” ಎಂದರು. ನನಗಿದು ಬೇಕು ಅಂತ. ಜೇಬಿನಿಂದ ಒಂದು ಫೋಟೊ ತೆಗೆದರು. ಇಂಗ್ಲೆಂಡಿನಲ್ಲಿರುವ ಅವರ ಚಿಕ್ಕಪ್ಪನ ಮಗ ಕಳಿಸಿದ್ದಂತೆ. ಹ್ಯಾಂಡಲ್ಲು ಮುಂದಿನ ಚಕ್ರಕ್ಕೆ ನಮಸ್ಕಾರ ಮಾಡುವಷ್ಟು ಕೆಳಗೆ, ಉದ್ದನೆ ಟಾಂಕಿ, ಮಡ್‌ಗಾರ್ಡ್ ಇಲ್ಲ, ಒಬ್ಬರೇ ಕೂಡುವ ಗಿಡ್ಡ ಸೀಟು. “ಅಲ್ಲಿ ಹುಡುಗರು ಕಾಫಿ ಅಂಗಡಿಯಿಂದ ಕಾಫಿ ಅಂಗಡಿಗೆ ರೇಸು ಬಿಡ್ತಾರೆ. ನಾನು ಮದರಾಸಿನ ರೇಸಿಗೆ ಹೋಗ್ತೀನಿ. ಹಿಂಗೇ ಮಾಡಿಕೊಡು.”

“ದೊರೆ, ನಮ್ಮೂರಾಗ ಚಾ ಅಂಗಡಿಗೆ ಹೋಗೋರು ಯಾರೂ ಓಡಂಗಿಲ್ಲ. ಹೋದ್ರ ಎದ್ದು ಬರಂಗಿಲ್ಲ” ಎಂದೆ. ಬಹಳ ದಿನಗಳ ಮೇಲೆ ನಾನು ಆಡಿದ ಮೊದಲ ತಮಾಷೆ ಅದು. ಅವರು ಜೋರಾಗಿ ನಕ್ಕರು. “ಕಿತ್ತಾ ಭೀ ಟೈಮ್ ಲೇಲೋ” ಎಂದು ಹೇಳಿ, ಎಷ್ಟು ಸಮಯವಾದರೂ ತಗೋ ಎಂದು ಹೆಗಲು ತಟ್ಟಿ, ಸಿಗ್ನಲ್ಲು ಬಿತ್ತೆಂದು ಓಡಿದರು. ವ್ಯವಹಾರ ಅವರೂ ಮಾವನೂ ಬಂಡಿಯವನ ಮೂಲಕ ಮುಗಿಸಿಕೊಂಡರು. ನನಗೆ ಉಳಿದದ್ದು ಕೆಲಸ.

ಇಂಜಿನ್ನು ಬಂಡೆಯಂತೆ ಹಿಡಿದುಕೊಂಡಿತ್ತು. ಕಿಕ್ಕರಿನ ಮೇಲೆ ನಿಂತರೂ ಕದಲಲಿಲ್ಲ. ಪ್ಲಗ್ಗು ಬಿಚ್ಚಿ ತೂತಿನಿಂದ ಸೀಮೆಎಣ್ಣೆ ಸುರಿದೆ. ದಿನ ಬಿಟ್ಟು ನೋಡಿದೆ, ಇಲ್ಲ. ಡೀಸೆಲ್ ಸುರಿದೆ. ವಾರ ಬಿಟ್ಟೆ. ಸೀಮೆಎಣ್ಣೆ ಡೀಸೆಲ್ಲಿಗೆ ಬಗ್ಗದ ತುಕ್ಕನ್ನು ನಾನು ಆ ತನಕ ಕಂಡಿರಲಿಲ್ಲ. ಟಾರ್ಚು ಬಿಟ್ಟು ತೂತಿನೊಳಗೆ ಇಣುಕಿದರೆ ತುಕ್ಕೇ ಇಲ್ಲ! ಪಿಸ್ಟನ್ನಿನ ತಲೆಯ ಮೇಲೆ ಕಂದು ಬಣ್ಣದ, ಹೊಳೆಯುವ ಒಂದು ಪದರ, ಬಾಗಿಲಿಗೆ ಬಳಿದ ವಾರ್ನಿಷಿನ ಹಾಗೆ. ತಂತಿ ಇಳಿಸಿ ಮುಟ್ಟಿಸಿದರೆ ಅಂಟು. ನನಗೆ ಸಿಟ್ಟು ಬಂತು. ಕಬ್ಬಿಣ ಹಟ ಮಾಡಿದರೆ ನನಗೆ ತಡೆಯುವುದಿಲ್ಲ. ಉದ್ದನೆ ಪೈಪು ಹಾಕಿ ಕಿಕ್ಕರನ್ನು ಒತ್ತಲು ಹೋದೆ, ಒಳಗೆ ಏನೋ ಕರಕ್ ಎಂದಿತು. ಪೈಪು ಬಿಸಾಕಿ ದೂರ ಹೋಗಿ ಕೂತೆ. ಈ ಇಂಜಿನ್ನನ್ನು ಮುರಿದು ಹಾಕಿದೆ ಅಂತ ಆ ಮನೆಗೆ ಸುದ್ದಿ ಮುಟ್ಟುವುದು ನನಗೆ ಬೇಕಿರಲಿಲ್ಲ. ಒಳಗೆ ಏನು ಸುರಿದಿದ್ದಾರೆ ಅಂತ ಗೊತ್ತಿದ್ದವರು ಒಬ್ಬರೇ. ಕೇಳದೆ ದಾರಿ ಇರಲಿಲ್ಲ.

ಉರುಕುಂದದ ಬಸ್ಸಿಗೆ ಹೋಗಿ, ಇಳಿದು ನಡೆದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಾವ ದನದ ಕೊಟ್ಟಿಗೆಯಲ್ಲಿದ್ದರು. ಮನೆ ತುಂಬ ಜನ, ಭಾವಮೈದುನ, ಅವನ ಹೆಂಡತಿ, ಕುರಿ ಕಾಯುವವರು, ಯಾರೋ ನೆಂಟರು. ನನ್ನನ್ನು ಕಂಡು ಎಲ್ಲರ ಮಾತೂ ಒಮ್ಮೆ ನಿಂತು ಮತ್ತೆ ಶುರುವಾಯಿತು. ಕಾಲಿಗೆ ನೀರು ಕೊಟ್ಟರು. ಮಾವ ನನ್ನತ್ತ ನೋಡಿದವರು, ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಆಮೇಲೆ ಎತ್ತಿನ ಕಡೆ ತಿರುಗಿಬಿಟ್ಟರು.

“ಮಾವ, ಆ ಇಂಜಿನ್ನಿಗೆ ಏನು ಹಾಕಿದ್ರಿ?”

“ಯಾಕ? ಏನಾತು?”

“ಹಿಡಕೊಂಡು ಕುಂತೈತ್ರಿ. ಸೀಮೆಎಣ್ಣಿಗೆ ಬಿಡವಲ್ದು.”

“ಪೆಟ್ರೋಲ್ ತುಟ್ಟಿ ಆತಲ್ಲ, ಅವಾಗಿಂದ ಓಡಿಸಾದು ಬಿಟ್ಟೆ. ಸುಮ್ನ ನಿಂತ ಗಾಡಿ ತುಕ್ಕು ಹಿಡಿತೈತಿ ಅಂತ ಔಡಲೆಣ್ಣಿ ಹಾಕಿದೆ. ಆಯಿಲ್ ಟಾಂಕ್ಯಾಗೊಂದೀಟು, ಪ್ಲಗ್ಗಿನ ತೂತಿನಾಗ ಒಂದು ಸೌಟು. ಬಂಡಿ ಅಚ್ಚಿಗೆ ಹಾಕಂಗಿಲ್ಲೇನು? ನಮ್ಮಪ್ಪನ ಕಾಲದ ಅಚ್ಚು ಇನ್ನೂ ಐತಿ.”

ಬಂಡಿಯ ಅಚ್ಚಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚುವುದು ನಮ್ಮ ಸೀಮೆಯಲ್ಲಿ ಅಜ್ಜ ಮುತ್ತಜ್ಜರಿಂದ ಬಂದದ್ದು. ಅದೇ ಎಣ್ಣೆಯನ್ನು ಇಂಜಿನ್ನಿನ ಹೊಟ್ಟೆಗೆ ಸುರಿಯುವುದನ್ನು ನಮ್ಮ ಸೀಮೆಯವರೇ ಮಾಡಬೇಕು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

“ಆದ್ರ ಹಿಂಗ ಹಿಡ್ಕಂಬಾರದಿತ್ತಲ್ಲ” ಮಾವ ಎತ್ತಿನ ಬೆನ್ನು ಸವರುತ್ತ ಹೇಳಿದರು. “ಅಮಾಸಿಗೊಮ್ಮಿ ಕಾಯಿ ಒಡದು, ನಿಂಬಿಹಣ್ಣು ಕಟ್ಟಿ, ಕಿಕ್ಕರ್ ಒದಿತಿದ್ದೆ. ಚಾಲೂ ಮಾಡಾಕಲ್ಲ. ಒಳಗ ತಿರಗಲಿ ಅಂತ.” ಎತ್ತಿನ ಮುಂದೆ ಒಂದು ಹಿಡಿ ಮೇವು ಎಳೆದು ಹಾಕಿದರು. “ಹೋದ ವರ್ಷದಿಂದ ಒದ್ದಿಲ್ಲ.”

ಒಳಗಿನಿಂದ ಉಣ್ಣಲು ಕರೆದರು. ರೊಟ್ಟಿ, ಹಿಂಡಿಪಲ್ಯ, ಗಟ್ಟಿ ಮೊಸರು. ಮಾವ ನನ್ನ ಜೊತೆ ಕೂರಲಿಲ್ಲ, ಹೊಲಕ್ಕೆ ಹೋಗುವುದಿದೆ ಎಂದರು. ಆ ಮನೆಯಲ್ಲಿ ಇದೇ ನನ್ನ ಕೊನೆಯ ಊಟವೇನೋ ಅನಿಸಿತು. ಗಾಡಿ ದೊರೆಯ ಕೈಸೇರಿದರೆ ನನಗೆ ಇಲ್ಲಿಗೆ ಬರಲು ನೆಪವೂ ಇರುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಲೆಕ್ಕ ಹಾಕಿದೆ. ಕೆಲಸ ಬೇಗ ಮುಗಿಸಿದಷ್ಟೂ ಆ ಮನೆ ಬೇಗ ಮುಗಿಯುತ್ತದೆ. ಆದರೆ ಹತ್ತಿ ಬರುವುದರೊಳಗೆ ಮುಗಿಸದಿದ್ದರೆ ಲೇತು ಸಿಗುವುದಿಲ್ಲ.

ಔಡಲೆಣ್ಣೆ ಒಣಗಿದರೆ ಸೀಮೆಎಣ್ಣೆಗೆ ಕರಗುವುದಿಲ್ಲವೆಂದು ದೊರೆಗೆ ಗೊತ್ತಿತ್ತು. ವಿಷಯ ಹೇಳಿದಾಗ ಹಣೆ ಬಡಿದುಕೊಂಡು, ಆಮೇಲೆ ಕಣ್ಣರಳಿಸಿದರು. ಹಿಂದೆ ರೇಸಿನವರು ಇಂಜಿನ್ನಿಗೆ ಇದೇ ಎಣ್ಣೆ ಹಾಕುತ್ತಿದ್ದರಂತೆ. ಆದರೆ ನಿಲ್ಲಿಸಿ ಬಿಡುವ ಗಾಡಿಗಲ್ಲ, ಓಡುವ ಗಾಡಿಗೆ. “ಸ್ಪಿರಿಟ್ ಹಾಕು” ಎಂದರು. ಬಜಾರಿನಲ್ಲಿ ಬಡಿಗರು ಪಾಲಿಶಿಗೆ ಒಯ್ಯುವ ಸ್ಪಿರಿಟ್ಟು ತಂದು ಸುರಿದೆ. ಎರಡನೆಯ ದಿನ ಕಿಕ್ಕರನ್ನು ಕೈಯಿಂದ ಒತ್ತಿದರೆ ಕೂದಲೆಳೆಯಷ್ಟು ಕದಲಿತು. ಮೂರನೆಯ ದಿನ ಚಕ್ ಎಂದು ಬಿಟ್ಟುಕೊಂಡಿತು.

ಆಮೇಲೆ ಇಂಜಿನ್ನನ್ನು ಚಾಸಿಯಿಂದ ಇಳಿಸಿ ಬೆಂಚಿನ ಮೇಲೆ ಬಿಚ್ಚಿದೆ. ಔಡಲೆಣ್ಣೆಯ ಪದರ ಸಿಲಿಂಡರನ್ನು ತುಕ್ಕಿನಿಂದ ಪೂರ್ತಿ ಕಾಪಾಡಿತ್ತು. ಮಾವನ ತಪ್ಪು ಅರ್ಧ ತಪ್ಪಷ್ಟೇ ಆಗಿತ್ತು. ರಿಂಗುಗಳನ್ನು ಬದಲಿಸಿದೆ. ವಾಲ್ವುಗಳನ್ನು ಪೇಸ್ಟು ಹಚ್ಚಿ ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ಕೂರಿಸಿದೆ. ಸಿಲಿಂಡರಿನ ಬುಡದಲ್ಲಿ ಒಂದು ತೆಳು ತಗಡು ಇತ್ತು. ಯುದ್ಧಕಾಲದ ಕಳಪೆ ಪೆಟ್ರೋಲಿಗೆ ಒತ್ತಡ ಕಡಿಮೆ ಇರಲೆಂದು ಹಾಕಿದ್ದದು. ಅದನ್ನು ತೆಗೆದುಬಿಟ್ಟರೆ ಪಿಸ್ಟನ್ನು ಇನ್ನಷ್ಟು ಮೇಲೆ ಬಂದು ಇಂಜಿನ್ನಿಗೆ ದಮ್ಮು ಹೆಚ್ಚುತ್ತದೆ. ತೆಗೆದೆ. ಕಾರ್ಬುರೇಟರಿನಿಂದ ಗಾಳಿ ಹೋಗುವ ದಾರಿಯನ್ನು ಅರದಲ್ಲಿ ಉಜ್ಜಿ, ಮರಳು ಕಾಗದದಲ್ಲಿ ನುಣುಪು ಮಾಡಿದೆ.

ಚಾಸಿಯ ಕೆಲಸ ಮಾಡುವಾಗ ಮಾತ್ರ ಕೈ ಓಡಲಿಲ್ಲ. ಹಿಂದಿನ ಮಡ್‌ಗಾರ್ಡು, ಅದರ ಮೇಲಿನ ಎರಡನೆಯ ಸೀಟು ಗರಗಸಕ್ಕೆ ಹೋಗಬೇಕು. ಬಜಾರಿನ ತಗಡಿನವನು ಬಡಿದುಕೊಟ್ಟ ಉದ್ದನೆ ಟಾಂಕಿ ಹಳೆಯದರ ಜಾಗಕ್ಕೆ ಕೂರಬೇಕು. ಗಿಡ್ಡ ಸೀಟಿಗೆ ನಾನೇ ಕಬ್ಬಿಣ ಬಗ್ಗಿಸಿ, ತೆಂಗಿನ ನಾರು ತುಂಬಿಸಿದೆ. ಕೂತು ನೋಡಿದೆ. ಹಿಂದೆ ಕೈ ಆಡಿಸಿದರೆ ಏನೂ ಇಲ್ಲ, ಗಾಳಿ. ಯಾರೂ ಹತ್ತಲು ಆಗದ ಗಾಡಿಯನ್ನು ಕೈಯಾರೆ ಮಾಡುತ್ತಿದ್ದೇನೆ ಅನಿಸಿ ಬೇಜಾರಾಯಿತು. ಇದನ್ನು ಹೇಳಿಕೊಳ್ಳೋಣವೆಂದರೆ ವಾಚ್‌ಮನ್ನನಿಗೆ ಕಿವಿ ಕೇಳದು. ಆದರೂ ಹೇಳಿದೆ. ಅವನು ತಲೆಯಾಡಿಸಿ, “ಮಳಿ ಬರಂಗಿಲ್ಲ ಬಿಡು” ಎಂದ.

ಎಲ್ಲ ಜೋಡಿಸಿ ಮಾಮೂಲಿ ಇಂಜಿನ್ ಆಯಿಲ್ ಹಾಕಿ, ದೊರೆ ಬಂದ ದಿನ ಕಿಕ್ಕರ್ ಒದ್ದೆ. ನಾಲ್ಕಾರು ಒದೆತಕ್ಕೆ ಕೆಮ್ಮಿತು, ಆಮೇಲೆ ಹಿಡಿಯಿತು. ದೊರೆ ಟೋಪಿ ತೆಗೆದು ಮೇಲಕ್ಕೆ ಎಸೆದರು. ಆಯಿಲ್ ಟಾಂಕಿಯ ಮುಚ್ಚಳ ತೆಗೆದು ನೋಡಿದೆ. ಇಂಜಿನ್ನಿನಿಂದ ಎಣ್ಣೆ ತಿರುಗಿ ಬಂದು ಸಣ್ಣ ಧಾರೆಯಾಗಿ ಬೀಳುತ್ತಿತ್ತು. ಪಂಪು ಸರಿಯಿದೆ, ಇನ್ನೇನು ಎಂದುಕೊಂಡೆ. ಆಗಲೇ ಕೆಳಗಿನಿಂದ ಒಂದು ಸದ್ದು ಶುರುವಾಯಿತು. ಟಕ್, ಟಕ್, ಟಕ್. ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ. ಥಟ್ಟನೆ ಬಂದ್ ಮಾಡಿದೆ.

ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗು ಅದು. ಎರಡು ಭಾರದ ಫ್ಲೈವೀಲುಗಳ ನಡುವೆ ಒಂದು ದಪ್ಪ ಪಿನ್ನು, ಪಿನ್ನಿನ ಮೇಲೆ ಬೇರಿಂಗು, ಬೇರಿಂಗಿಗೆ ಎಣ್ಣೆ ಹೋಗಲು ಪಿನ್ನಿನ ಒಳಗೇ ಒಂದು ಸಣ್ಣ ತೂತು. ಸ್ಪಿರಿಟ್ಟು ಎಲ್ಲೆಡೆ ಮುಟ್ಟಿತ್ತು, ಆ ತೂತಿಗೆ ಮುಟ್ಟಿರಲಿಲ್ಲ. ಅಮಾವಾಸ್ಯೆಗೊಮ್ಮೆ ಮಾವ ಒದ್ದ ಒದೆತಕ್ಕೆ ಔಡಲೆಣ್ಣೆ ಪಂಪಿನಿಂದ ಮೆಲ್ಲಗೆ ಅಲ್ಲಿಯವರೆಗೂ ಹೋಗಿ, ಒದೆತ ನಿಂತ ವರ್ಷದಲ್ಲಿ ಅಲ್ಲೇ ಗಟ್ಟಿಯಾಗಿ ಕೂತಿತ್ತು.

ದೊರೆ ಬಗ್ಗಿ ಇಂಜಿನ್ನಿಗೆ ಕಿವಿಕೊಟ್ಟು ಎದ್ದರು. “ಬಿಟ್ಟುಬಿಡು ಮೇಸ್ತ್ರೀ. ಮದರಾಸಿನಲ್ಲಿ ನಮ್ಮವರ ಹತ್ತಿರ ಇನ್ನೊಂದು ಇಂಜಿನ್ನು ಇದೆ. ಚಾಸಿ ನೀನು ಚೆನ್ನಾಗಿ ಮಾಡಿದ್ದೀಯ. ಇದನ್ನು ಗುಜರಿಗೆ ಹಾಕು.”

ಅವರು ಹೇಳಿದ್ದು ಬುದ್ಧಿವಂತರ ಮಾತು. ಫ್ಲೈವೀಲು ಬಿಚ್ಚುವುದು ಸುಲಭವಲ್ಲ. ಬಿಚ್ಚಿದರೂ ಮತ್ತೆ ಕೂರಿಸುವಾಗ ಎರಡೂ ಒಂದೇ ಗೆರೆಯಲ್ಲಿ ತಿರುಗಬೇಕು. ಕೂದಲೆಳೆ ಹೆಚ್ಚುಕಮ್ಮಿಯಾದರೂ ಇಂಜಿನ್ನು ನಡುಗಿ ತನ್ನನ್ನು ತಾನೇ ಒಡೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ಸರಂಜಾಮು ನನ್ನ ಬಳಿ ಇರಲಿಲ್ಲ, ಆ ಕೆಲಸ ನಾನು ಮಾಡಿಯೂ ಇರಲಿಲ್ಲ. ಆದರೆ ‘ಗುಜರಿ’ ಎಂಬ ಮಾತು ಕೇಳಿ ನನ್ನ ಮೈ ಉರಿಯಿತು. ಟಾಂಕಿ ಹೋಯಿತು, ಸೀಟು ಹೋಯಿತು, ಹ್ಯಾಂಡಲ್ಲು ಹೋಯಿತು. ಅವಳ ಹೊಟ್ಟೆಯಲ್ಲಿ ಡುಗುಡುಗು ಎಂದಿದ್ದು ಈ ಇಂಜಿನ್ನು. ಇದೊಂದು ಉಳಿಯಬೇಕು, ಯಾರ ಗಾಡಿಯಲ್ಲಾದರೂ ಇರಲಿ, ಓಡುತ್ತಿರಬೇಕು.

“ದೊರೆ, ಇದನ್ನ ಬಿಚ್ತೀನಿ. ನಿಮ್ಮ ರೈಲು ಶೆಡ್ಡಿನಿಂದ ಡಯಲ್ ಗೇಜ್ ಒಂದು ಕೇಳಿ ತಂದುಕೊಡ್ರಿ. ಕೆಟ್ಟರ ನಾನ ಜವಾಬು” ಎಂದೆ. ದನಿ ಜೋರಾಗಿತ್ತು. ಅವರು ನನ್ನನ್ನು ಒಂದು ಗಳಿಗೆ ನೋಡಿ, ಯಾಕೆಂದು ಕೇಳದೆ ಒಪ್ಪಿದರು. ಮುಂದಿನ ಗೂಡ್ಸಿಗೆ ಬಂದಾಗ, ಕೂದಲೆಳೆಯ ಸೊಟ್ಟನ್ನೂ ಮುಳ್ಳಿನಲ್ಲಿ ತೋರಿಸುವ ಆ ಡಯಲ್ ಗೇಜ್ ಜೊತೆ ಬೇರಿಂಗಿನ ಹೊಸ ರೋಲರುಗಳೂ ಬಂದವು.

ಬಿಚ್ಚುವ ಮೊದಲು ಎರಡು ಫ್ಲೈವೀಲುಗಳ ಅಂಚಿನ ಮೇಲೆ ಪಟ್ಟಿ ಇಟ್ಟು ಒಂದು ಗೀಟು ಎಳೆದುಕೊಂಡೆ. ಮತ್ತೆ ಜೋಡಿಸುವಾಗ ಗೀಟಿಗೆ ಗೀಟು ಕೂಡಬೇಕು. ಪಿನ್ನಿನ ನಟ್ಟಿಗೆ ದೊಡ್ಡ ಪಾನಾ ಹಾಕಿ ಪೈಪು ಸೇರಿಸಿ ಜಗ್ಗಿದೆ. ಬೆವರು ಕಣ್ಣಿಗಿಳಿದ ಮೇಲೆ ನಟ್ಟು ಬಂತು. ಫ್ಲೈವೀಲಿಗೆ ಬೆಣೆ ಕೊಟ್ಟು ತಟ್ಟಿದಾಗ ಪಿನ್ನು ಪಟಾಕಿಯಂಥ ಸದ್ದು ಮಾಡಿ ಬಿಟ್ಟಿತು. ಮುರಿಯಿತೆಂದೇ ಅಂದುಕೊಂಡೆ. ಮುರಿದಿರಲಿಲ್ಲ. ಪಿನ್ನಿನ ತೂತಿಗೆ ತಂತಿ ತೂರಿಸಿದೆ. ಒಂದು ಕಪ್ಪು ತುಣುಕು ಹೊರಬಂತು, ಹಳೇ ಹುಣಸೆಹಣ್ಣಿನಷ್ಟು ಅಂಟು, ಜೋಳದ ಕಾಳಿಗಿಂತ ಸಣ್ಣದು. ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಇಷ್ಟಕ್ಕೇ ಇಷ್ಟೆಲ್ಲ.

ಆಮೇಲಿನ ಕೆಲಸವನ್ನು ನೆನೆದರೆ ಈಗಲೂ ಕುತ್ತಿಗೆ ನೋಯುತ್ತದೆ. ರೋಲರ್ ಕೂರಿಸಿ, ಪಿನ್ನು ಬಿಗಿದು, ಇಡೀ ಜೋಡಿಯನ್ನು ಲೇತಿನ ಎರಡು ಮೊನೆಗಳ ನಡುವೆ ತೂಗುಹಾಕಿ, ಡಯಲ್ ಗೇಜಿನ ನಾಲಿಗೆಯನ್ನು ಒಂದು ಕಡೆ ಮುಟ್ಟಿಸಿ, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಮುಳ್ಳು ಎಲ್ಲಿ ಎದ್ದು ನಿಲ್ಲುತ್ತದೋ ಆ ಜಾಗಕ್ಕೆ ಸೀಸದ ಸುತ್ತಿಗೆಯಿಂದ ಒಂದು ಏಟು. ಕಬ್ಬಿಣದ ಸುತ್ತಿಗೆ ಆಗದು, ಗಾಯವಾಗುತ್ತದೆ. ಸೀಸವನ್ನು ಡಬ್ಬಿಯಲ್ಲಿ ಕಾಸಿ ಸುತ್ತಿಗೆ ಎರಕ ಹೊಯ್ದಿದ್ದೆ. ಮತ್ತೆ ತಿರುಗಿಸು, ಮತ್ತೆ ನೋಡು. ಇತ್ತ ಸರಿಯಾದರೆ ಅತ್ತ ಕೆಡುತ್ತದೆ. ಜೋರಾಗಿ ಹೊಡೆದರೆ ದಾಟಿಹೋಗುತ್ತದೆ, ಮೆಲ್ಲಗೆ ಹೊಡೆದರೆ ಅಲುಗುವುದಿಲ್ಲ. ಒಬ್ಬರು ಮುಳ್ಳು ನೋಡಿ ಇನ್ನೊಬ್ಬರು ಹೊಡೆದರೆ ಸುಲಭ. ನಾನು ಹೊಡೆದು, ಸುತ್ತಿಗೆ ಇಟ್ಟು, ಆಚೆ ಬದಿಗೆ ಹೋಗಿ ಮುಳ್ಳು ನೋಡಿ, ಮತ್ತೆ ಈಚೆ ಬರುತ್ತಿದ್ದೆ. ಲೇತಿನ ಸುತ್ತ ನನ್ನ ಹೆಜ್ಜೆಯ ದಾರಿಯೇ ಬಿತ್ತು. ಒಂಟಿಯಾಗಿರುವುದೆಂದರೆ ಊಟ ನಿದ್ದೆಯ ವಿಚಾರ ಎಂದುಕೊಂಡಿದ್ದೆ. ಅಲ್ಲ. ‘ಸ್ವಲ್ಪ ಈಗ ನೋಡು’ ಎಂದು ಹೇಳಲು ಯಾರೂ ಇಲ್ಲದಿರುವುದು.

ದಸರೆ ಹತ್ತಿರ ಬಂದಿತ್ತು. ಹತ್ತಿಯ ಮೊದಲ ಬಂಡಿಗಳು ಯಾವ ದಿನವಾದರೂ ಬರಬಹುದಿತ್ತು. ಒಂದು ಮಧ್ಯಾಹ್ನ ಮುಳ್ಳು ಎರಡೂ ಕಡೆ ಮಲಗಿದಲ್ಲೇ ಮಲಗಿತು. ನಂಬದೆ ಮತ್ತೆ ಮತ್ತೆ ತಿರುಗಿಸಿದೆ. ಹೊರಗೆ ಹೋಗಿ ನೀರು ಕುಡಿದು ಬಂದು ಮತ್ತೊಮ್ಮೆ ತಿರುಗಿಸಿದೆ. ಅಲುಗಲಿಲ್ಲ. ವಾಚ್‌ಮನ್ನನನ್ನು ಕೈಹಿಡಿದು ಕರೆತಂದು ತೋರಿಸಿದೆ. “ಏನೂ ಅಳ್ಳಾಡವಲ್ದಲ್ಲ?” ಎಂದ. “ಅದಕ್ಕಪಾ, ಅದಕ್ಕ” ಎಂದು ಅವನ ಕೈ ಕುಲುಕಿದೆ.

ಇಂಜಿನ್ನನ್ನು ಮತ್ತೆ ಜೋಡಿಸಿ ಚಾಸಿಗೆ ಏರಿಸಿದೆ. ಎಣ್ಣೆಯ ವಿಷಯದಲ್ಲಿ ದೊರೆಯದು ಒಂದೇ ಹಟ. ರೇಸಿನ ಇಂಜಿನ್ನಿಗೆ ಔಡಲೆಣ್ಣೆಯೇ ಬೇಕು. ಓಡಿಸಿದ ದಿನವೇ ಇಳಿಸಿ ತೊಳೆಯುತ್ತೇನೆ ಎಂದು ಮಾತು ಕೊಟ್ಟಿದ್ದರು. ಎಣ್ಣೆ ಮಿಲ್ಲಿನಿಂದ ಹೊಸ ಔಡಲೆಣ್ಣೆ ತಂದು ಬಟ್ಟೆಯಲ್ಲಿ ಸೋಸಿ ತುಂಬಿದೆ. ದೊರೆ ಬರುವ ದಿನ ಇನ್ನೂ ದೂರವಿತ್ತು. ತಡೆಯಲಾಗದೆ ಒಬ್ಬನೇ ಅಂಗಳಕ್ಕೆ ತಳ್ಳಿಕೊಂಡು ಬಂದು ಒದ್ದೆ.

ಮೊದಲ ಒದೆತಕ್ಕೆ ತಿರುಗಿ ಒದೆಯಿತು, ಮೀನಖಂಡ ಊದಿತು. ಎರಡನೆಯದಕ್ಕೆ ಹಿಡಿಯಿತು. ಟಕ್ ಟಕ್ ಇಲ್ಲ. ಗುಂಡು ಗುಂಡಾದ, ತುಂಬಿದ ಸದ್ದು. ಇಂಜಿನ್ನು ಬಿಸಿಯಾಗುತ್ತಿದ್ದ ಹಾಗೆ ಸೈಲೆನ್ಸರಿನಿಂದ ತೆಳ್ಳಗೆ ನೀಲಿ ಹೊಗೆ ಬಂತು. ಅದರ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕೈ ಆಕ್ಸಿಲರೇಟರಿನ ಮೇಲೆ ನಿಂತುಬಿಟ್ಟಿತು. ತಲೆಗೆ ಎರೆದುಕೊಳ್ಳುವ ದಿನ ಅವಳು ಬಟ್ಟಲಲ್ಲಿ ಔಡಲೆಣ್ಣೆ ಕಾಯಿಸಿ ನೆತ್ತಿಗೆ ತಟ್ಟಿಕೊಳ್ಳುತ್ತಿದ್ದಳು, ನನ್ನ ನೆತ್ತಿಗೂ ತಟ್ಟುತ್ತಿದ್ದಳು, ನಾನು ಬೈಯುತ್ತಿದ್ದೆ. ಆ ಬಿಸಿ ಎಣ್ಣೆಯ ವಾಸನೆ. ಖಾಲಿ ಅಂಗಳದ ತುಂಬ ಅದೇ. ನಾನು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ. ಅವಳು ಹೋದಾಗ ಜನರೆದುರು ಬಾರದ ಅಳು, ಇಂಜಿನ್ ಸದ್ದಿನ ಮರೆಯಲ್ಲಿ ಬಂತು. ವಾಚ್‌ಮನ್ನನಿಗೆ ಹೇಗೂ ಕೇಳದು.

ದೊರೆಗೆ ಒಪ್ಪಿಸುವ ಮುಂಚೆ ದೂರ ಓಡಿಸಿ ನೋಡಬೇಕು. ಎಮ್ಮಿಗನೂರು ರಸ್ತೆಗೂ ಹೋಗಬಹುದಿತ್ತು. ನಾನು ಉರುಕುಂದದ ದಾರಿ ಹಿಡಿದೆ. ಕೆಳಗಿನ ಹ್ಯಾಂಡಲ್ಲಿಗೆ ಬಾಗಿ ಬಾಗಿ ಎದೆ ಟಾಂಕಿಗೆ ತಾಗುತ್ತಿತ್ತು. ಕರೇ ಹೊಲಗಳಲ್ಲಿ ಹತ್ತಿ ಅಲ್ಲಲ್ಲಿ ಒಡೆದಿತ್ತು. ಕರೆಯದೆ ಹೋಗುತ್ತಿದ್ದೆ. ಏನೆಂದುಕೊಂಡರೂ ಸರಿ, ಈ ಸದ್ದನ್ನು ಒಮ್ಮೆ ಅವರು ಕೇಳಲಿ.

ಊರ ಅಗಸೆ ಬಾಗಿಲಲ್ಲೇ ಸದ್ದಿನ ಗುರುತು ಸಿಕ್ಕಿತೆಂದು ಕಾಣುತ್ತದೆ, ನಾನು ಹೋಗುವಷ್ಟರಲ್ಲಿ ಮಾವ ಅಂಗಳಕ್ಕೆ ಬಂದು ನಿಂತಿದ್ದರು. ಹ್ಯಾಂಡಲ್ ನೋಡಿದರು, ಸೀಟು ನೋಡಿದರು.

“ಇದೇನಲೇ ಇದು? ಹೋತದ ಕೊಂಬು ಮುರದು ಕೆಳಗ ಹಚ್ಚಿದಂಗ ಮಾಡೀಯಲ್ಲ!”

“ವಿಲಾಯತಿಯವರ ಶೋಕಿ ಮಾವ. ಕುಂದರ್ರಿ, ನೋಡ್ರಿ. ಜ್ವಾಕಿ, ಈಗ ಮೊದಲಿನಂಗಿಲ್ಲ, ಒದ್ರ ತಿರುಗಿ ಒದಿತೈತಿ.”

ಧೋತರ ಎತ್ತಿ ಕಟ್ಟಿ ಹತ್ತಿದರು. ವಾಲ್ವಿನ ಲಿವರ್ ಹಿಡಿದು, ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು, ಒಂದೇ ಒದೆತ. ಹಿಡಿಯಿತು. ಯಾರಿಗೂ ಏನೂ ಹೇಳದೆ ಹೊರಟೇಬಿಟ್ಟರು. ಸದ್ದು ಕೆರೆಯ ಏರಿಯ ಕಡೆ ಹೋಗಿ ಸಣ್ಣದಾಯಿತು, ಇಲ್ಲವಾಯಿತು. ನಾನು ಕಟ್ಟೆಯ ಮೇಲೆ ಕೂತೆ. ಭಾವಮೈದುನನ ಹೆಂಡತಿ ಚಹಾ ತಂದುಕೊಟ್ಟಳು, ಅದು ತಣ್ಣಗಾಯಿತು. ಬಹಳ ಹೊತ್ತಾದ ಮೇಲೆ ಸದ್ದು ಮತ್ತೆ ಹುಟ್ಟಿತು.

ಮಾವ ಇಳಿದು ಗಾಡಿಯನ್ನು ಗೋಡೆಗೆ ಒರಗಿಸಿದರು. ಕಣ್ಣುಗಳು ಕೆಂಪಗಿದ್ದವು. “ಧೂಳು” ಎಂದರು. ಬಂದು ನನ್ನ ಪಕ್ಕ ಕೂತರು. ಆ ವರ್ಷದಲ್ಲಿ ಅವರು ನನ್ನ ಪಕ್ಕ ಕೂತದ್ದು ಅದೇ ಮೊದಲು.

“ಆಕಿ ತಲಿ ವಾಸನಿ ಬರ್ತೈತಲ್ಲೋ” ಎಂದರು.

“ಹೂಂ ಮಾವ.”

“ನಿನ್ನ ಕಂಡ್ರ ನಿನ್ನ ಹಿಂದ ಆಕಿ ಬರಾಕತ್ತಾಳೇನೋ ಅಂತ ನೋಡ್ತೀನಪಾ. ಕಣ್ಣು ಬಾಗಲಕ್ಕ ಹೋಗತೈತಿ. ಅದಕ್ಕ ಹಬ್ಬಕ್ಕ ಕರೀಲಿಲ್ಲ. ತಡಕಳ್ಳಾಕ ಆಗಲಿಲ್ಲ.” ಗಿಡ್ಡ ಸೀಟಿನ ಕಡೆ ಗದ್ದ ಎತ್ತಿ ತೋರಿಸಿದರು. “ಇವತ್ತು ಒಬ್ಬನ ಕುಂದ್ರೋ ಗಾಡಿ ಮ್ಯಾಲ ಬಂದಿ. ಹಿಂದ ನೋಡಾಕ ಜಾಗಾನ ಇರಲಿಲ್ಲ. ನಿನ್ನನ್ನ ನೋಡಿದೆ.”

ಅವತ್ತು ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಸಂಜೆ ಹೊರಟು ಗಾಡಿ ಹತ್ತಿದಾಗ ಮಾವ ಕಿಕ್ಕರಿನ ಮೇಲೆ ಅಂಗೈ ಇಟ್ಟು ನಿಂತರು.

“ದೊರಿಗೆ ಕೊಟ್ಟುಬಿಡು. ಓಡೋದು ಓಡಲಿ. ಆದ್ರ ಅಮಾಸಿಗಮಾಸಿ ಒದ್ದು ರೂಢಿ ನನಗ. ಇನ್ನ ಮನ್ಯಾಗ ಒದಿಯಾಕ ಏನೂ ಇಲ್ಲ.” ಮುಖ ಗಂಟು ಹಾಕಿಕೊಂಡೇ ಹೇಳಿದರು: “ಅಮಾಸಿಗೆ ನೀ ಬರಬೇಕು ನೋಡು.”

“ಕರೀದ ಹೆಂಗ ಬರ್ಲಿ ಮಾವ?”

“ಈಗ ಕರದೆನಲ್ಲೋ, ಕಿವಿ ಕೇಳಂಗಿಲ್ಲೇನು ನಿನಗ?”

ಗಾಡಿ ಗುಂತಕಲ್ಲಿಗೆ ಹೋಯಿತು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಫ್ಯಾಕ್ಟರಿ ತುಂಬಿತ್ತು, ಹತ್ತಿಯ ಧೂಳು, ಜನ, ಗದ್ದಲ. ಮ್ಯಾನೇಜರನ ಹತ್ತಿರ ಒಂದು ದಿನದ ರಜೆ ಕೇಳಿದೆ. ಯಾಕೆ ಎಂದ. ಮಾವನ ಮನೆಗೆ ಹೋಗಬೇಕು ಎಂದೆ.